ಎಂಟರ ಹಾಜರಿಗೆ ಕೇಳದ ದನಿ

ಫೆಬ್ರವರಿಯ ಮೊದಲ ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷ. ದಾಂಡೇಲಿಯಲ್ಲಿ ನಮ್ಮ ಮನೆಯ ಹಿತ್ತಲ ಗೋಡೆಯ ಆಚೆಗಿರುವ ಅರಣ್ಯ ಕಚೇರಿ, ಅದರ ವೈರ್‌ಲೆಸ್ ಕೋಣೆ. ಹಾಜರಿದ್ದವರು ಮೂವರು: ಸೆಟ್ಟಿನ ಮುಂದೆ ಕೂತ ಆಪರೇಟರ್ ಹುಡುಗಿ, ಅವಳ ಹಿಂದೆ ನಿಂತ ರೇಂಜ್ ಅಧಿಕಾರಿ, ಮತ್ತು ಕುರ್ಚಿ ಕೊಟ್ಟರೂ ಕೂಡದೆ ಗೋಡೆಯ ಗಡಿಯಾರ ನೋಡುತ್ತಿದ್ದ ನಾನು.

ನಾನು ಪೊಲೀಸ್ ವೈರ್‌ಲೆಸ್‌ನಲ್ಲಿ ಮೂವತ್ತೊಂದು ವರ್ಷ ಇದ್ದು ನಿವೃತ್ತನಾದವನು. ಹಳಿಯಾಳ, ಜೊಯಿಡಾ, ಮುಂಡಗೋಡ ಮೂರೂ ಕಡೆ ಸೆಟ್ಟಿನ ಮುಂದೆ ಕೂತಿದ್ದೇನೆ. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಮಿಲ್ಲು ಸೇರಿದವರು. ನಮ್ಮ ಮನೆಯಲ್ಲಿ ಊಟ, ಓದು, ನಿದ್ದೆ ಎಲ್ಲವೂ ಮಿಲ್ಲಿನ ಭೋಂಗಾ ಕೂಗಿದ ಲೆಕ್ಕದಲ್ಲಿ ನಡೆಯುತ್ತಿದ್ದವು. ಹಾಗೆ ಬೆಳೆದವನಿಗೆ ಇಲಾಖೆಯ ಲಾಗ್ ಪುಸ್ತಕ ಹೊಸ ಶಿಸ್ತು ಅನ್ನಿಸಲಿಲ್ಲ. ಯಾರು ಕರೆದರು, ಎಷ್ಟು ಹೊತ್ತಿಗೆ, ಯಾರು ಉತ್ತರ ಕೊಟ್ಟರು ಎಂದು ಬರೆಯುವುದೇ ನನ್ನ ಕೆಲಸವಾಗಿತ್ತು. ಈಗ ಬರೆಯಲು ಇಲಾಖೆ ಇಲ್ಲ. ಆದರೂ ದಿನಚರಿ ಬರೆಯುತ್ತೇನೆ. ಎದ್ದದ್ದು, ನಡೆದದ್ದು, ಔಷಧ ತಗೊಂಡದ್ದು, ಎಲ್ಲಕ್ಕೂ ಎದುರಿಗೆ ಗಂಟೆ, ನಿಮಿಷ.

ರೇಂಜ್ ಅಧಿಕಾರಿ ಹಿಂದಿನ ಸಂಜೆ ಗೋಡೆಯ ಮೇಲಿಂದಲೇ ನನ್ನನ್ನು ಕರೆದಿದ್ದರು. ಜೊಯಿಡಾ ಕಾಡಿನ ಒಳಗೆ ಅವರ ಏಳನೇ ಕ್ಯಾಂಪು ಇದೆ. ಅಲ್ಲಿ ಇಬ್ಬರು ಕಾವಲುಗಾರರು. ಸೆಟ್ಟಿನ ಜವಾಬ್ದಾರಿ ಇರುವವನು ಜೊಯಿಡಾ ಕಡೆಯವನೇ, ನಲವತ್ತರ ಆಸುಪಾಸಿನ ದಿನಗೂಲಿ ನೌಕರ. ಪ್ರತಿದಿನ ಎಂಟಕ್ಕೆ ಎಲ್ಲ ಕ್ಯಾಂಪುಗಳ ಹೆಸರು ಕೂಗಿ ಹಾಜರಿ ತಗೊಳ್ಳುತ್ತಾರೆ. ಹದಿನಾಲ್ಕು ದಿನಗಳಲ್ಲಿ ಹನ್ನೆರಡು ದಿನ ಏಳನೇ ಕ್ಯಾಂಪಿನಿಂದ ಉತ್ತರ ಬಂದಿರಲಿಲ್ಲ. ಎಂಟೂವರೆಗೆ ಕರೆದರೆ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

"ಎಂಟಕ್ಕ ಸುದ್ದಿಲ್ಲ, ಎಂಟೂವರೀಗೆ ಕೋಗಿಲ ಹಂಗ ಕೂಗ್ತಾನ್ರಿ" ಎಂದಿದ್ದರು ಅಧಿಕಾರಿ. "ಏಳೂದ ತಡಾ. ಕೇಳಿದ್ರ ದಿನಾ ಕೂಗ್ತೇನಿ ಅಂತಾನ. ನಾಳೆ ಸಂಜೀಕ ಐದಕ್ಕ ಬೆಂಕಿ ಕಾವಲಿನ ಪಟ್ಟಿ ಕಳಸಬೇಕು. ಅವನ ಹೆಸರು ತಗದಬಿಡೂಣು ಅಂತ ಮಾಡೇನಿ. ಅದಕಿಂತ ಮೊದಲ ಸೆಟ್ಟಿಂದೇನರ ದೋಷ ಐತೇನು, ನೀವೊಮ್ಮೆ ನೋಡಿ ಹೇಳ್ರಿ. ನೀವು ಹೇಳಿದ ಮ್ಯಾಲ ನನಗ ಚಿಂತಿಲ್ಲ."

ಪಟ್ಟಿಯಿಂದ ಹೆಸರು ಹೋದರೆ ಅವನಿಗೆ ಕ್ಯಾಂಪೂ ಇಲ್ಲ, ಕೂಲಿಯೂ ಇಲ್ಲ. ಅವನ ಹನ್ನೊಂದು ವರ್ಷದ ಕೆಲಸ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಎಂಟು ಹೊಡೆಯಿತು. ಹುಡುಗಿ ಒಂದನೇ ಕ್ಯಾಂಪಿನಿಂದ ಶುರು ಮಾಡಿದಳು. ಒಂದು, ಎರಡು, ಮೂರು, ಎಲ್ಲರೂ ಹಾಜರು. ಏಳನೆಯದನ್ನು ಕರೆಯುವ ಮೊದಲು ನಾನು ಕೈ ಚಾಚಿ ಸೆಟ್ಟಿನ ಒಂದು ಗುಂಡಿಯನ್ನು ಸಡಿಲಿಸಿದೆ. ಯಾರೂ ಮಾತಾಡದಿದ್ದಾಗ ಬರುವ ಸರ್ರೆಂಬ ಸದ್ದನ್ನು ಮುಚ್ಚುವ ಗುಂಡಿ ಅದು. ಬಿಗಿ ಮಾಡಿದರೆ ಕೋಣೆ ಶಾಂತವಾಗಿರುತ್ತದೆ, ಆದರೆ ದೂರದ ಸಣ್ಣ ದನಿಯೂ ಸದ್ದಿನ ಜೊತೆಗೇ ಮುಚ್ಚಿಹೋಗುತ್ತದೆ. ಈಗಿನ ಮಕ್ಕಳು ಬಿಗಿ ಮಾಡಿಯೇ ಕೂಡುತ್ತಾರೆ. ದೋಷ ಇಲ್ಲೇ ಇರಬೇಕು ಎಂದುಕೊಂಡಿದ್ದೆ.

"ಏಳನೇ ಕ್ಯಾಂಪು ಹಾಜರ್ರಿ."

ಗುಡ್ಡದ ಆಚೆಯಿಂದ ಬಂದ ತೆಳು ದನಿ, ಆದರೆ ಅಕ್ಷರ ಅಕ್ಷರ ಸ್ವಚ್ಛ. ನಾನು ಗುಂಡಿಯನ್ನು ಮತ್ತೆ ಮೊದಲಿನಷ್ಟೇ ಬಿಗಿ ಮಾಡಿಸಿ ಇನ್ನೊಮ್ಮೆ ಕರೆಸಿದೆ. ಆಗಲೂ ಕೇಳಿತು.

ಅಧಿಕಾರಿ ನಕ್ಕರು. "ಸಾಹೇಬ್ರು ಬರ್ತಾರಂತ ಯಾರೋ ಹೇಳ್ಯಾರ ಅವಗ. ಇವತ್ತ ಹೊತ್ತಿಗೆ ಸರಿಯಾಗಿ ಎದ್ದಾನ."

ನನಗೂ ಹಾಗೇ ಅನ್ನಿಸಿತು ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಸೆಟ್ಟು ಸರಿ, ಆಂಟೆನಾ ಸರಿ, ದನಿ ಸರಿ. ಉಳಿದದ್ದು ಮನುಷ್ಯ. ತಡವಾಗಿ ಎದ್ದು ಸುಳ್ಳು ಹೇಳಿದ ಎಷ್ಟೋ ಆಪರೇಟರುಗಳನ್ನು ಕಂಡವನು ನಾನು. "ಸೆಟ್ಟಿನ್ಯಾಗ ಏನೂ ದೋಷಿಲ್ಲ" ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹುಡುಗಿ ತಿರುಗದೆಯೇ ಅಂದಳು, "ಸರ್, ನಿನ್ನೆ ನಾನೂ ಆ ಗುಂಡಿ ಸಡಿಲ ಮಾಡಿ ನೋಡಿದ್ದೆ."

"ಏನ ಕೇಳಿಸ್ತು?"

"ಗರಗರ ಸಪ್ಪಳ, ಹಿಟ್ಟಿನ ಗಿರಣಿ ಹಂಗ. ಅದರ ಕೆಳಗ ಯಾರೋ ಮಾತಾಡ್ದಂಗಿತ್ರಿ. ಎಂಟೂ ಕಾಲಕ್ಕ ಸರಿಯಾಗಿ ನಿಂತತು. ಇವತ್ತ ಆ ಸಪ್ಪಳಾನ ಇಲ್ಲ."

"ಯಾಕ ಹೇಳಲಿಲ್ಲವಾ ಮತ್ತ?" ಎಂದರು ಅಧಿಕಾರಿ.

"ಯಾರು ಕೇಳಿದ್ರು ಸರ್?"

ಅಧಿಕಾರಿ ಕಿಟಕಿಯ ಕಡೆ ನೋಡಿದರು. ನಾನು ಸಂಜೆ ಐದರೊಳಗೆ ಉತ್ತರ ಕೊಡುತ್ತೇನೆ ಎಂದು ಹೇಳಿ ಹೊರಬಿದ್ದೆ.

ಸಪ್ಪಳ ಇತ್ತು ಎಂದರೆ ಯಾರೋ ಅಡ್ಡ ಬಂದಿದ್ದಾರೆ. ನಮಗೆ ತರಬೇತಿಯಲ್ಲಿ ಮೊದಲ ದಿನ ಕಲಿಸಿದ್ದೇ ಇದು. ಗಾಳಿಯಲ್ಲಿ ಹೋಗುವ ತರಂಗ ಕಣ್ಣಿಗೆ ಕಾಣದಿದ್ದರೂ ಅದಕ್ಕೆ ಹಂಚಿಕೆ ಇದೆ. ಇಷ್ಟು ಪೊಲೀಸರಿಗೆ, ಇಷ್ಟು ಅರಣ್ಯಕ್ಕೆ, ಇಷ್ಟು ವಿಮಾನಕ್ಕೆ. ಪರವಾನಗಿ ಇಲ್ಲದವನು ಅಲ್ಲಿ ಮಾತಾಡುವಂತಿಲ್ಲ. ಪರವಾನಗಿ ಇದ್ದವನೂ ತನ್ನ ಪಾಲಿನ ಆಚೆ ಹೋಗುವಂತಿಲ್ಲ. ಅಡ್ಡಿ ಮಾಡುವ ಯಂತ್ರ ಯಾರದೇ ಆಗಿರಲಿ, ಮೊದಲು ಅದು ನಿಲ್ಲಬೇಕು. ತಿಳಿದು ಮಾಡಿದ್ದೋ ತಿಳಿಯದೆಯೋ ಎಂಬುದು ಆಮೇಲಿನ ವಿಚಾರ. ಸೇವೆಯಲ್ಲಿದ್ದಾಗ ಈ ನಿಯಮವನ್ನು ನಾನು ಊರ ಮಂದಿಯ ಮೇಲೆ ಕಟ್ಟುನಿಟ್ಟಾಗಿ ಹಾಕಿದ್ದೇನೆ. ಕಾಳಿ ನದಿಯಲ್ಲಿ ದೋಣಿ ನಡೆಸುವ ಹುಡುಗರ ಕೈಯಿಂದ, ಲಾರಿಯವರ ಕೈಯಿಂದ ವಾಕಿಟಾಕಿ ಕಸಿದಿದ್ದೇನೆ.

ಹಾಗಾಗಿ ನನ್ನ ಕಾಲು ತಾನಾಗಿ ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಯ ಕಡೆ ನಡೆಯಿತು. ಫ್ಯಾನು, ಮಿಕ್ಸರು, ಚಾರ್ಜರು ರಿಪೇರಿ ಮಾಡುವ ಈ ಮುಸಲ್ಮಾನ ಮೆಕ್ಯಾನಿಕ್ ನನಗಿಂತ ನಾಲ್ಕು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ದೋಣಿ ಹುಡುಗರಿಗೆ ಎರಡು ಸೆಟ್ಟು ಮಾರಿದ್ದ. ಎರಡನ್ನೂ ನಾನೇ ಜಪ್ತಿ ಮಾಡಿದ್ದೆ. ಅಂದು ಅವನು "ಗಾಳಿಗೂ ಲೈಸನ್ಸ್ ಬೇಕೇನ್ರಿ ಸಾಹೇಬ್ರ?" ಎಂದು ಕೇಳಿದ್ದ. ಆಮೇಲೆ ಚಹಾದ ಸ್ನೇಹವಾಯಿತು. ಆದರೂ ಊರಿನಲ್ಲಿ ಗರಗರ ಸದ್ದು ಎಲ್ಲಿಯಾದರೂ ಕೇಳಿದರೆ ನನಗೆ ಮೊದಲು ನೆನಪಾಗುವವನು ಅವನೇ.

ಒಂಬತ್ತೂ ಐವತ್ತಕ್ಕೆ ಹೋದೆ. ಬಾಗಿಲು ಹಾಕಿತ್ತು. ಹತ್ತಕ್ಕೆ ಬಂದು ಶಟರ್ ಎತ್ತಿದ.

"ಏನ್ ಸಾಹೇಬ್ರ, ರಿಟೈರಾಗಿ ಇಷ್ಟ ವರ್ಷ ಆತು, ಇನ್ನೂ ರೇಡ್ ಮಾಡ್ಲಿಕ್ಕೆ ಬರ್ತೀರಿ?"

ಅರಣ್ಯ ಕಚೇರಿಯ ಸೆಟ್ಟಿನಲ್ಲಿ ಬರುವ ಗರಗರದ ವಿಷಯ ಹೇಳಿ, ಏಳೂ ಮುಕ್ಕಾಲಿನಿಂದ ಎಂಟೂ ಕಾಲಿನವರೆಗೆ ಅಂಗಡಿಯಲ್ಲಿ ಏನು ನಡೆಸುತ್ತೀ ಎಂದು ನೇರವಾಗಿ ಕೇಳಿದೆ. ಏಳೂ ಮುಕ್ಕಾಲಕ್ಕೇ ಶುರು ಎಂದು ಏಕೆ ಹೇಳಿದೆನೋ ನನಗೆ ತಿಳಿಯದು. ಹುಡುಗಿ ಹೇಳಿದ್ದು ನಿಂತ ಹೊತ್ತು ಮಾತ್ರ. ಶುರುವಾದ ಹೊತ್ತು ನನ್ನ ಬಾಯಿಗೆ ತಾನಾಗಿ ಬಂದಿತ್ತು.

ಅವನು ಸ್ಟೂಲು ಒರೆಸಿ ಕೊಟ್ಟ. "ಕೂಡ್ರಿ. ಎಂಟಕ್ಕ ನಾ ಮನ್ಯಾಗ ರೊಟ್ಟಿ ತಿಂತಿರ್ತೇನ್ರಿ. ಅಂಗಡಿ ಹತ್ತಕ್ಕ, ನೀವ ನೋಡಿದ್ರೆಲ್ಲಾ. ಎಷ್ಟ ದಿನದಿಂದ ನಡದೈತಿ?"

"ಹದಿನಾಲ್ಕು ದಿನ. ನಡುವ ಎರಡು ದಿನ ಇರಲಿಲ್ಲ. ಇವತ್ತೂ ಇಲ್ಲ."

"ದಿನಾ ಅದ ಹೊತ್ತಿಗೆ ನಿಲ್ಲತೈತಿ?"

"ನಿನ್ನೆ ಸರಿಯಾಗಿ ಎಂಟೂ ಕಾಲಕ್ಕ ನಿಂತತಂತ. ಎಂಟೂವರೀಗೆ ದಿನಾ ಇರೂದಿಲ್ಲ."

ಅವನು ಒಂದು ಚಾರ್ಜರ್ ಬಿಚ್ಚುತ್ತಾ ತಲೆ ಅಲ್ಲಾಡಿಸಿದ. "ಇದು ಕಳ್ಳ ಅಲ್ರಿ. ಕಳ್ಳಗ ಇಷ್ಟ ಟೈಮ್ ಎಲ್ಲಿಂದ ಬರಬೇಕು? ನಮ್ಮ ದಾಂಡೇಲ್ಯಾಗ ಇಷ್ಟ ಗಡಿಯಾರದ ಮನುಷ್ಯಾ ಒಬ್ಬನ ಅದಾನ. ಅವಂದ ನಾ ಹೆಸರು ಹೇಳೂದಿಲ್ಲ, ಮತ್ತ ಜಪ್ತಿ ಮಾಡ್ತಾನ."

ಚೇಷ್ಟೆಗೆ ಅಂದದ್ದು. ನಾನು ಚಹಾ ಕುಡಿದು ಎದ್ದೆ. ಆದರೆ ಮನೆ ಮುಟ್ಟುವ ಮೊದಲೇ ನನ್ನ ಹೆಜ್ಜೆ ನಿಧಾನವಾಯಿತು.

ಮೂರು ವಾರದ ಹಿಂದೆ ಮೊಣಕಾಲು ನೋವು ಹೆಚ್ಚಾಗಿತ್ತು. ಹುಬ್ಬಳ್ಳಿಯಲ್ಲಿರುವ ತಂಗಿ ಕಾಲು ಒತ್ತುವ ಒಂದು ಕರೆಂಟಿನ ಯಂತ್ರ ಕಳಿಸಿದ್ದಳು. ಎರಡು ಕಾಲನ್ನೂ ಒಳಗಿಟ್ಟು ಅರ್ಧ ಗಂಟೆ ಕೂಡಬೇಕು. ಕಂಪನಿಯ ಹೆಸರೂ ಇಲ್ಲದ ಅಗ್ಗದ ಯಂತ್ರ. ನಾನು ಅದಕ್ಕೂ ಹೊತ್ತು ಗೊತ್ತು ಮಾಡಿದ್ದೆ: ಏಳೂ ನಲವತ್ತೈದರಿಂದ ಎಂಟೂ ಹದಿನೈದು. ಹಿತ್ತಲ ಕಡೆಯ ಕೋಣೆಯಲ್ಲಿ, ಹಳೆಯ ಟೀವಿ ಆಂಟೆನಾದ ತಂತಿ ಇಳಿದುಬರುವ ಗೋಡೆಗೆ ಕುರ್ಚಿ ಒತ್ತಿ. ಆ ಆಂಟೆನಾದ ಕಂಬ ಟೀವಿ ಬದಲಾದ ಮೇಲೂ ಚಾವಣಿಯ ಮೇಲೆ ನಿಂತೇ ಇತ್ತು. ತೆಗೆಯಲು ನನಗೆ ಮನಸ್ಸಾಗಿರಲಿಲ್ಲ. ಅದಕ್ಕೂ ಅರಣ್ಯ ಕಚೇರಿಯ ಆಂಟೆನಾಕ್ಕೂ ನಡುವೆ ಒಂದು ಮಾವಿನ ಮರ ಮಾತ್ರ. ಇಂಥ ಅಗ್ಗದ ಯಂತ್ರ ಓಡುವಾಗ ಗರಗರ ತರಂಗವನ್ನೂ ಬಿಡುತ್ತದೆ, ಆ ತಂತಿ ಅದನ್ನು ಚಾವಣಿಯ ಮೇಲಕ್ಕೆ ಮುಟ್ಟಿಸುತ್ತಿರಬೇಕು.

ದಿನಚರಿ ತೆಗೆದೆ. ಯಂತ್ರ ಬಂದದ್ದು ಸೋಮವಾರ ಸಂಜೆ. ಏಳನೇ ಕ್ಯಾಂಪಿನ ದನಿ ಮೊದಲ ಬಾರಿ ತಪ್ಪಿದ್ದು ಮರುದಿನ ಮಂಗಳವಾರ. ಬೆಳಿಗ್ಗೆ ಕಚೇರಿಯ ಲಾಗ್ ಪುಸ್ತಕದಲ್ಲಿ ನೋಡಿದ್ದಂತೆ, ನಡುವೆ ಹಾಜರಿ ಸರಿಯಾಗಿ ಬಂದ ದಿನಗಳು ಆ ವಾರದ ಶನಿವಾರ ಮತ್ತು ಭಾನುವಾರ. ಶನಿವಾರದ ಪುಟದಲ್ಲಿ ನನ್ನದೇ ಅಕ್ಷರ: 'ಆರು ಗಂಟೆಯ ಬಸ್ಸು. ಮುಂಡಗೋಡದಲ್ಲಿ ಷಡ್ಡಕನ ಮನೆ. ಮಧ್ಯಾಹ್ನ ಎಲ್ಲರೂ ಅತ್ತಿವೇರಿಗೆ, ಹಕ್ಕಿ ನೋಡಲು.' ತಿರುಗಿ ಬಂದದ್ದು ಭಾನುವಾರ ಸಂಜೆ ಆರೂವರೆಗೆ. ಇನ್ನು ಇವತ್ತು? ಇವತ್ತು ಎಂಟು ಗಂಟೆಗೆ ನಾನು ಕುರ್ಚಿಯಲ್ಲಿರಲಿಲ್ಲ. ಕಚೇರಿಯಲ್ಲಿ ನಿಂತು ಆ ಕಾವಲುಗಾರನನ್ನು ಮನಸ್ಸಿನಲ್ಲೇ ಸುಳ್ಳುಗಾರ ಎಂದು ತೀರ್ಮಾನಿಸುತ್ತಿದ್ದೆ.

ಉಳಿದ ಕ್ಯಾಂಪುಗಳು ಹತ್ತಿರದವು, ಅವುಗಳ ದನಿ ನನ್ನ ಯಂತ್ರದ ಗರಗರವನ್ನು ದಾಟಿ ಬರುತ್ತಿತ್ತು. ಗುಡ್ಡದ ಆಚೆಯವನ ದನಿ ದಾಟಲಿಲ್ಲ.

ಹತ್ತು ನಿಮಿಷ ಹಾಗೇ ಕೂತೆ. ಆ ಹತ್ತು ನಿಮಿಷ ನನ್ನ ದಿನಚರಿಯಲ್ಲಿ ಇಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಯಂತ್ರವನ್ನು ಸುಮ್ಮನೆ ಎತ್ತಿಟ್ಟರೆ ನಾಳೆಯಿಂದ ಹಾಜರಿ ತಪ್ಪುವುದಿಲ್ಲ. ಯಾರಿಗೂ ತಿಳಿಯುವುದೂ ಇಲ್ಲ. 'ಹಿಂದೆ ಏನೋ ಅಡ್ಡಿ ಇತ್ತು, ಈಗ ಹೋಗಿದೆ' ಎಂದರೆ ನಿವೃತ್ತ ಅಧಿಕಾರಿಯ ಮಾತು, ನಡೆದುಹೋಗುತ್ತದೆ. ಆದರೆ ಏನೋ ಅಡ್ಡಿ ಎಂದರೆ ಯಾರೂ ನಂಬಬೇಕಾಗಿಲ್ಲ. ಆ ಹನ್ನೆರಡು ದಿನ ಅವನ ಹೆಸರಿನ ಎದುರು ಹಾಗೇ ಉಳಿಯುತ್ತವೆ. ಪಟ್ಟಿಯೋ ಐದಕ್ಕೆ ಹೋಗುತ್ತದೆ. ಮುಂದೆ ಬರುವುದು ಕಾಡಿಗೆ ಬೆಂಕಿ ಬೀಳುವ ದಿನಗಳು. ಹೊಗೆ ಕಂಡವನು ಎಂಟು ಗಂಟೆಗೆ ಕೂಗಿದ್ದರೆ?

ಹೆಂಡತಿ ಅಡುಗೆಮನೆಯಿಂದ ಬಂದು ಯಾಕೆ ಹೀಗೆ ಕೂತಿದ್ದೀರಿ ಎಂದಳು. ಹೇಳಿದೆ. ಅವಳು ಯಂತ್ರವನ್ನೂ ನನ್ನನ್ನೂ ನೋಡಿದಳು.

"ಮೂವತ್ತ ವರ್ಷ ಮಂದಿ ಸೆಟ್ಟು ಕಸಗೊಂಡ್ರಿ. ಈಗ ಕಾಲ ಚಾಚಿ ಕುಂತು ನೀವ ಸಿಕ್ಕಬಿದ್ರಿ."

"ಸಿಕ್ಕಬಿದ್ದಿಲ್ಲ. ನಾನ ಹೇಳೂದೈತಿ."

"ಹಂಗಾದ್ರ ಲಗೂನ ಹೋಗ್ರಿ. ನಂದೇನ ಕೆಲಸ ಅದನ್ನ ಹೇಳ್ರಿ."

ಕೆಲಸ ಇತ್ತು. ಊಹೆಯನ್ನು ವರದಿ ಎಂದು ಕೊಡುವ ಅಭ್ಯಾಸ ನನಗಿಲ್ಲ. ಒಂದು ಚೀಟಿಯಲ್ಲಿ ಆರು ಹೊತ್ತು ಬರೆದೆ, ಹನ್ನೆರಡೂವರೆಯಿಂದ ಐದೈದು ನಿಮಿಷಕ್ಕೆ ಒಂದು. ಮೂರರ ಎದುರು 'ಚಾಲೂ', ಮೂರರ ಎದುರು 'ಬಂದ್', ಹಿಂದುಮುಂದಾಗಿ. ಅದನ್ನು ಅವಳ ಕೈಗೆ ಕೊಟ್ಟು, ಗಡಿಯಾರ ನೋಡಿ ಹಾಗೆಯೇ ಯಂತ್ರದ ಗುಂಡಿ ಒತ್ತಬೇಕು ಎಂದೆ. ಅದರ ಇನ್ನೊಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದೆ.

ಹನ್ನೆರಡಕ್ಕೆ ಕಚೇರಿಗೆ ಹೋದಾಗ ಜಗಲಿಯ ಮೇಲೆ ಒಬ್ಬ ಚೀಲ ಹಿಡಿದು ನಿಂತಿದ್ದ. ಬೆಳಗಿನ ಹಾಜರಿ ಮುಗಿಸಿ, ಕಾಡಿನಿಂದ ರಸ್ತೆಯವರೆಗೆ ನಡೆದು, ಸಿಕ್ಕ ಬಸ್ಸು ಹಿಡಿದು ಬಂದಿದ್ದ ಏಳನೇ ಕ್ಯಾಂಪಿನವನೇ. ಅಧಿಕಾರಿ ಕರೆಸಿದ್ದರು.

"ನೀ ದಿನಾ ಎಂಟಕ್ಕ ಕೂಗ್ತಿದ್ದೇನು?" ಎಂದೆ.

"ಕೂಗ್ತಿದ್ದೆ ಸಾಯ್ಬ್ರ." ಅವನ ಕನ್ನಡದಲ್ಲಿ ಕೊಂಕಣಿಯ ರಾಗ ಇತ್ತು. "ನೀವ ಕೇಳ್ತಿರಲಿಲ್ಲ. ನಾ ಏನ ಮಾಡ್ಲಿ?"

ಅವನನ್ನೂ ಒಳಗೆ ಕರೆದುಕೊಂಡು ಹೋದೆ. ಲಕೋಟೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, ಒಂದು ಗಂಟೆಯವರೆಗೆ ತೆರೆಯಬೇಡಿ ಎಂದೆ. ಕ್ಯಾಂಪಿನಲ್ಲಿ ಉಳಿದಿದ್ದ ಇನ್ನೊಬ್ಬ ಕಾವಲುಗಾರನಿಗೆ ಹುಡುಗಿ ಸೆಟ್ಟಿನ ಮೂಲಕವೇ ಹೇಳಿದಳು: ಹನ್ನೆರಡೂವರೆಯಿಂದ ಐದು ನಿಮಿಷಕ್ಕೊಮ್ಮೆ, ಒಟ್ಟು ಆರು ಸಲ ಕರೆಯಬೇಕು. ಕೇಳಿದರೆ 'ಕೇಳಿತು', ಇಲ್ಲದಿದ್ದರೆ 'ಇಲ್ಲ' ಎಂದಷ್ಟೇ ಬರೆ ಎಂದು ಅವಳಿಗೆ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಒಳ್ಳೆಯ ಆಪರೇಟರ್ ಆಗುತ್ತಾಳೆ.

ಹನ್ನೆರಡೂವರೆ. ಕೇಳಿತು. ಮೂವತ್ತೈದಕ್ಕೆ ಇಲ್ಲ. ನಲವತ್ತಕ್ಕೆ ಕೇಳಿತು. ನಲವತ್ತೈದಕ್ಕೆ ಇಲ್ಲ. ಐವತ್ತಕ್ಕೂ ಇಲ್ಲ. ಆಗ ಕಾವಲುಗಾರ ಚೀಲವನ್ನು ಕೆಳಗಿಟ್ಟು, "ಕೂಗಾಕತ್ತಿರ್ತಾನ್ರಿ ಅವ, ನಂಗ ಗೊತ್ತೈತಿ" ಎಂದ, ಯಾರಿಗೆಂದಿಲ್ಲದೆ. ಐವತ್ತೈದಕ್ಕೆ ಮತ್ತೆ ಕೇಳಿತು.

ಒಂದು ಗಂಟೆಗೆ ಅಧಿಕಾರಿ ಲಕೋಟೆ ಒಡೆದು ಹುಡುಗಿಯ ಕಾಗದದ ಪಕ್ಕ ಇಟ್ಟರು. ಆರಕ್ಕೆ ಆರೂ ಕೂಡಿದವು. 'ಚಾಲೂ' ಇದ್ದಲ್ಲೆಲ್ಲ 'ಇಲ್ಲ'.

"ಹಿಡದ್ರಿ ಬಿಡ್ರಿ. ಯಾರದ್ರಿ ಮಷಿನ್ನು? ಕೇಸ್ ಹಾಕೂಣು."

"ನಂದ" ಎಂದೆ.

ಅವರು ನಗಲು ಹೋಗಿ ನಿಲ್ಲಿಸಿದರು. ಹುಡುಗಿ ಮೊದಲ ಬಾರಿಗೆ ಪೂರ್ತಿ ತಿರುಗಿ ನನ್ನನ್ನು ನೋಡಿದಳು. ನಾನು ನಿಂತೇ ಎಲ್ಲ ಹೇಳಿದೆ: ಯಂತ್ರ, ಹೊತ್ತು, ತಂತಿ, ಮುಂಡಗೋಡ. ಹೇಳುವಾಗ ಕಾವಲುಗಾರನ ಮುಖ ನೋಡಲಿಲ್ಲ. ಮುಗಿದ ಮೇಲೆ ನೋಡಿದೆ.

ಅವನು ಕೆಳಗಿಟ್ಟಿದ್ದ ಚೀಲವನ್ನು ಎತ್ತಿಕೊಂಡ. ಆಮೇಲೆ ಹೇಳಿದ, "ಹನ್ನೆರಡ ದಿನ ಸಾಯ್ಬ್ರ. ಮಂದಿ ನನ್ನ ನಿದ್ದಿಬಡಕ ಅಂದ್ರು. ಜೋಡೀದಾರನೂ ಒಂದಿನ ಅಂದ, ನೀ ಬಟನ್ ಸರಿ ಒತ್ತೂದಿಲ್ಲ ನೋಡು ಅಂತ. ನಂಗೂ ಹಂಗ ಅನಸಾಕತ್ತಿತ್ತು."

"ತಪ್ಪು ನಂದು, ತಮ್ಮಾ" ಎಂದೆ. ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೆ ಎಂದು ನೆನಪಾಗಲಿಲ್ಲ.

ಅಧಿಕಾರಿ, "ಇರ್ಲಿ ಬಿಡ್ರಿ ಸರ್, ನೀವು ಹೇಳಿದ್ರೆಲ್ಲಾ, ಸಾಕು. ಕಾಗದ ಯಾಕ?" ಎಂದರು. ಮರ್ಯಾದೆಗೆ ಅಂದದ್ದು. ನಾನು ಒಪ್ಪಲಿಲ್ಲ. ಅಧಿಕಾರಿಗಳು ಬದಲಾಗುತ್ತಾರೆ, ಬಾಯಿ ಮಾತು ಅವರೊಂದಿಗೆ ಹೋಗುತ್ತದೆ. ಲಾಗ್ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಮನೆಗೆ ಹೋಗಿ ಊಟ ಮಾಡಿ, ಎರಡೂವರೆಗೆ ಬರೆಯಲು ಕೂತೆ. ಅಡ್ಡಿಯ ಮೂಲ: ನನ್ನ ಮನೆ, ನನ್ನ ಯಂತ್ರ. ಬಳಸಿದವನು: ನಾನು. ಅಡ್ಡಿಯಾದ ದಿನಗಳು: ಹನ್ನೆರಡು, ಒಂದೊಂದನ್ನೂ ಬಿಡಿಸಿ. ಆ ದಿನಗಳಲ್ಲಿ ಏಳನೇ ಕ್ಯಾಂಪಿನಿಂದ ಉತ್ತರ ಕೇಳದಿರಲು ಕಾವಲುಗಾರನ ತಪ್ಪು ಕಾರಣವಲ್ಲ. ಬೇರೆಯವರ ಮೇಲೆ ಇಂಥ ವರದಿ ಬರೆಯಲು ನನಗೆ ಕಾಲು ಗಂಟೆ ಸಾಕಾಗುತ್ತಿತ್ತು. ಇದಕ್ಕೆ ಒಂದು ಗಂಟೆ ಹಿಡಿಯಿತು. ಮೂರು ಪ್ರತಿ ಮಾಡಿದೆ.

ನಾಲ್ಕಕ್ಕೆ ಅಧಿಕಾರಿ ಮೊದಲ ಪ್ರತಿಯ ಮೇಲೆ ಸಹಿ, ಮೊಹರು ಹಾಕಿ ಕಡತಕ್ಕೆ ಸೇರಿಸಿದರು. ಹುಡುಗಿ ಲಾಗ್ ಪುಸ್ತಕ ತೆಗೆದು ಹನ್ನೆರಡು 'ಉತ್ತರವಿಲ್ಲ'ಗಳ ಪಕ್ಕ ಕೆಂಪು ಶಾಯಿಯಲ್ಲಿ 'ಕಚೇರಿ ಬಳಿಯ ಅಡ್ಡಿಯಿಂದ ಕೇಳಿಸಿಲ್ಲ' ಎಂದು ಬರೆದಳು, ಪ್ರತಿಯೊಂದರ ಕೆಳಗೂ ತನ್ನ ಸಹಿ. ಹೊಡೆದು ಹಾಕಲಿಲ್ಲ, ಪಕ್ಕಕ್ಕೆ ಬರೆದಳು. ಹೇಳಿಕೊಡದೆ ಸರಿಯಾಗಿ ಮಾಡಿದಳು. ಐದಕ್ಕೆ ಐದು ನಿಮಿಷ ಇರುವಾಗ ಪಟ್ಟಿ ಹೋಯಿತು. ಏಳನೇ ಕ್ಯಾಂಪಿನ ಎದುರು ಮೊದಲಿನ ಎರಡೂ ಹೆಸರು ಇದ್ದವು.

ಎರಡನೇ ಪ್ರತಿಯನ್ನು ಕಾವಲುಗಾರನ ಕೈಗೆ ಕೊಟ್ಟೆ. "ಇದನ್ನ ಜ್ವಾಕಿ ಇಟಕೊ. ಮುಂದ ಯಾರರ ಕೇಳಿದ್ರ ತೋರಸು."

ಅವನು ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಹೋಗುವವನು ತಿರುಗಿ ನಿಂತ. "ನಾಳೆ ಎಂಟಕ್ಕ ಕೂಗಿದ್ರ ಕೇಳತೈತೇನ್ರಿ?"

"ಕೇಳತೈತಿ."

"ಮತ್ತ ನಿಮ್ಮ ಕಾಲು?"

ಅವನು ವ್ಯಂಗ್ಯಕ್ಕೆ ಕೇಳಿದನೋ ಕಾಳಜಿಗೆ ಕೇಳಿದನೋ ನನಗೆ ತಿಳಿಯಲಿಲ್ಲ. ಜೊಯಿಡಾ ಬಸ್ಸಿಗೆ ಹೊತ್ತಾಗಿತ್ತು, ಅವನು ಉತ್ತರಕ್ಕೆ ಕಾಯಲಿಲ್ಲ.

ಮನೆಯಲ್ಲಿ ಹೆಂಡತಿ ತನ್ನ ಚೀಟಿಯನ್ನು ಮೇಜಿನ ಮೇಲೆ ಇಟ್ಟಿದ್ದಳು. ಆರೂ ಹೊತ್ತಿನ ಮುಂದೆ ಪೆನ್ಸಿಲ್ಲಿನ ಗುರುತು. ಮೆಕ್ಯಾನಿಕ್‌ಗೆ ಫೋನು ಮಾಡಿ, ಅವನ ಅಂಗಡಿಯ ಮೇಲೆ ಸಂಶಯಪಟ್ಟಿದ್ದನ್ನೂ ಮೂಲ ಎಲ್ಲಿ ಸಿಕ್ಕಿತು ಎಂಬುದನ್ನೂ ಹೇಳಿದೆ. ಅವನು ಬಹಳ ಹೊತ್ತು ನಕ್ಕ. ಆಮೇಲೆ, "ತರ್ರಿ ಸಾಹೇಬ್ರ, ಒಳಗ ಒಂದು ಸಾಮಾನು ಕೂಡಿಸಿದ್ರ ಗರಗರ ಕಡಿಮಿ ಆಗತೈತಿ. ಲೈಸನ್ಸ್ ಮಾತ್ರ ನನ್ನ ಕಡೆ ಸಿಗೂದಿಲ್ಲ" ಎಂದ. ನೋಡೋಣ ಎಂದೆ.

ಆರೂವರೆಗೆ ಚಾವಣಿ ಹತ್ತಿ ಆಂಟೆನಾದ ತಂತಿಯನ್ನು ಕಂಬದಿಂದ ಬಿಚ್ಚಿ ಕೆಳಗೆ ಎಳೆದುಕೊಂಡೆ. ಮೂರನೇ ಪ್ರತಿಯನ್ನು ದಿನಚರಿಯ ಆ ದಿನದ ಪುಟಕ್ಕೆ ಅಂಟಿಸಿದೆ. ಯಂತ್ರದ ವಾಯರನ್ನು ಸುತ್ತಿ, ದಾರ ಕಟ್ಟಿ, ಅಟ್ಟದ ಮೇಲೆ ಇಟ್ಟಾಗ ಏಳು ಗಂಟೆ ಹತ್ತು ನಿಮಿಷ.